ನಮ್ಮ ಅನು ದಿನದ ಆಹಾರ

ಇದೆಲ್ಲ ಶುರುವಾಗಿದ್ದು 2023ರ ಏಪ್ರಿಲ್ 2ರಂದು. ಅವತ್ತು ಗರಿಗಳ ಭಾನುವಾರ. ಮೈಸೂರಿನ ಬಿಸಿಲು ಬೆಳಿಗ್ಗೆ ಒಂಬತ್ತಕ್ಕೇ ಚುರುಗುಟ್ಟುತ್ತಿತ್ತು. ಚರ್ಚ್ ಅಂಗಳದಲ್ಲಿ ಮಕ್ಕಳನ್ನು ಸಾಲಾಗಿ ನಿಲ್ಲಿಸಿ, ಕೈಗೊಂದು ಎಳೆ ತೆಂಗಿನ ಗರಿ ಕೊಟ್ಟಿದ್ದರು. ನನ್ನ ಮಗ ಜೋಯಲ್‌ಗೆ ಆಗ ನಾಲ್ಕು ತುಂಬಿ ಎರಡು ತಿಂಗಳು. ಮೆರವಣಿಗೆಯಲ್ಲಿ ಅವನು ನಡೆಯುತ್ತಿದ್ದದ್ದು ಅದೇ ಮೊದಲು. ಅವನ ಅಕ್ಕ ಅನುಗ್ರಹ, ಮನೆಯವರಿಗೆಲ್ಲ ಅನು, ಏಳು ವರ್ಷದವಳು. ತಮ್ಮನ ಕೈ ಬಿಡಬಾರದು ಅಂತ ಹೇಳಿದ್ದಕ್ಕೆ ಅವನ ಮಣಿಕಟ್ಟನ್ನು ಗಟ್ಟಿಯಾಗಿ ಹಿಡಿದು ನಿಂತಿದ್ದಳು.

ಯೇಸು ಕತ್ತೆಮರಿಯ ಮೇಲೆ ಕುಳಿತು ಯೆರೂಸಲೇಮಿಗೆ ಬಂದಾಗ ಜನ ಕೂಗಿದ ಹಾಗೆ, ಮಕ್ಕಳು "ಹೊಸನ್ನ! ಹೊಸನ್ನ!" ಅಂತ ಕೂಗುತ್ತಾ ಚರ್ಚನ್ನು ಒಂದು ಸುತ್ತು ಹಾಕಿ ಒಳಗೆ ಬರಬೇಕು. ಎಲ್ಲರಿಗಿಂತ ಜೋರಾಗಿ ಕೂಗಿದವನು ನಮ್ಮ ಜೋಯಲ್. ಬಾಗಿಲಲ್ಲಿ ನಿಂತಿದ್ದ ನನಗೆ ಅವನ ಕೂಗು ಬೇರೆಯಾಗಿಯೇ ಕೇಳಿಸಿತು.

"ಹೊಸ ಅನ್ನ! ಹೊಸ ಅನ್ನ!"

ಆರಾಧನೆ ಮುಗಿದು ಎಲ್ಲರೂ ಅಂಗಳದಲ್ಲಿ ಮಾತಾಡುತ್ತಾ ನಿಂತಿದ್ದೆವು. ಜೋಯಲ್ ಗರಿಯನ್ನು ಎರಡೂ ಕೈಯಲ್ಲಿ ಅಡ್ಡಡ್ಡ ಹಿಡಿದುಕೊಂಡು, ಪಂಕ್ತಿಯಲ್ಲಿ ಎಲೆ ಚಾಚಿದ ಹಾಗೆ ನನ್ನ ಮುಂದೆ ಬಂದು ನಿಂತ. "ಅಮ್ಮಾ, ಹೊಸ ಅನ್ನ ಎಲ್ಲಿ ಕೊಡ್ತಾರೆ?"

ಯಾವ ಅನ್ನ ಅಂತ ಕೇಳಿದೆ.

"ಅಷ್ಟು ಜೋರಾಗಿ ಕೇಳಿದ್ವಲ್ಲ! ಎಲ್ಲರೂ ಕೇಳಿದ್ರು. ಬೆಳಿಗ್ಗೆ ನೀನು ಹಳೆ ಅನ್ನ ಕೊಟ್ಟಿದ್ದೆ."

ಹಿಂದಿನ ರಾತ್ರಿಯ ಅನ್ನಕ್ಕೆ ಒಗ್ಗರಣೆ ಹಾಕಿ ಚಿತ್ರಾನ್ನ ಮಾಡಿದ್ದು ನಿಜ. ಪಕ್ಕದಲ್ಲಿದ್ದ ಹೆಂಗಸರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು. ನಮ್ಮತ್ತೆ ಮಾತ್ರ ನಗದೆ ಬಗ್ಗಿ ಅವನ ಮುಖಕ್ಕೆ ಮುಖ ಕೊಟ್ಟು ಹೇಳಿದರು: "ಹೊಸನ್ನ ಅಂದ್ರೆ 'ನಮ್ಮನ್ನ ಕಾಪಾಡು' ಅಂತ ಕಣೋ. ಅದು ಹೀಬ್ರೂ ಮಾತು."

ಅವನು ಸ್ವಲ್ಪ ಹೊತ್ತು ಯೋಚಿಸಿದ. "ಹಸಿವಿಂದ ಕಾಪಾಡು ಅಂತಾನಾ?"

"ಹೂಂ. ಅದೂ ಸೇರಿತು," ಅಂದರು ಅತ್ತೆ.

ಆ ಸಂಜೆಯೇ ಅತ್ತೆ ತೀರ್ಮಾನ ಮಾಡಿಬಿಟ್ಟರು. ಇವನಿಗೆ ಕರ್ತನ ಪ್ರಾರ್ಥನೆ, ಅಂದರೆ ಯೇಸು ಶಿಷ್ಯರಿಗೆ ಹೇಳಿಕೊಟ್ಟ ಪ್ರಾರ್ಥನೆ, ಕಲಿಸುವ ಹೊತ್ತು ಬಂದಿದೆ. ನಮ್ಮ ಮನೆಯಲ್ಲಿ ಯಾವ ಮಗುವೂ ಐದು ತುಂಬುವುದರೊಳಗೆ ಅದನ್ನು ಬಾಯಿಪಾಠ ಹೇಳದೆ ಇದ್ದದ್ದಿಲ್ಲ. ನನ್ನ ಯಜಮಾನರು ಹೇಳಿದ್ದರು, ಅವರ ತಂಗಿ ಹೇಳಿದ್ದಳು, ಅನು ನಾಲ್ಕೂವರೆಗೇ ಹೇಳಿದ್ದಳು. ಕ್ರಿಸ್ಮಸ್ ಹೊತ್ತಿಗೆ ಸಂಡೇ ಸ್ಕೂಲ್ ಕಾರ್ಯಕ್ರಮದಲ್ಲಿ ಜೋಯಲ್ ವೇದಿಕೆ ಹತ್ತಿ ಒಬ್ಬನೇ ಹೇಳಬೇಕು. ಎಂಟು ತಿಂಗಳಿಗೆ ಕಡಿಮೆ ಇಲ್ಲ, ಧಾರಾಳ ಸಾಕು ಅಂತ ಅತ್ತೆಯ ಲೆಕ್ಕ.

ಕಲಿಸುವ ರೀತಿ ಅತ್ತೆಯದೇ. ರಾತ್ರಿ ಊಟಕ್ಕೆ ಮುಂಚೆ ಮನೆಯವರೆಲ್ಲ ಹಾಲಿನಲ್ಲಿ ಚಾಪೆ ಹಾಕಿ ಕೂರುತ್ತೇವೆ. ಒಂದು ಹಾಡು, ಸತ್ಯವೇದದಿಂದ (ಬೈಬಲಿನಿಂದ) ಒಂದು ಭಾಗ, ಆಮೇಲೆ ಪ್ರಾರ್ಥನೆ. ಜೋಯಲ್ ಅಜ್ಜಿಯ ತೊಡೆಯ ಮೇಲೆ. ಅಜ್ಜಿ ಒಂದೊಂದು ಪದಕ್ಕೂ ಅವನ ಅಂಗೈಯನ್ನು ಮೆಲ್ಲಗೆ ತಟ್ಟುತ್ತಾರೆ. ತಟ್ಟಿದಾಗೆಲ್ಲ ಅವನು ಒಂದು ಪದ ಹೇಳಬೇಕು. ಅರ್ಥ ಆಮೇಲೆ ಬರುತ್ತೆ, ಮೊದಲು ಬಾಯಿಗೆ ಬರಲಿ ಅನ್ನೋದು ಅವರ ಮಾತು. ಸತ್ಯವೇದದ ಕನ್ನಡ ಹಳೆಯ ಕನ್ನಡ. 19ನೇ ಶತಮಾನದಲ್ಲಿ ಬಳ್ಳಾರಿಯಲ್ಲಿ ಕೂತು ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಅನುವಾದ ಶುರು ಮಾಡಿದ ಕಾಲದಿಂದ ಎಷ್ಟೋ ಸಲ ತಿದ್ದಿದ್ದಾರೆ. ಆದರೂ 'ಎಣಿಸಲ್ಪಡಲಿ', 'ದಯಪಾಲಿಸು' ಅಂತ ನಾವ್ಯಾರೂ ಅಡುಗೆಮನೆಯಲ್ಲಿ ಮಾತಾಡೋದಿಲ್ಲ, ಅಲ್ವಾ? ನಾಲ್ಕು ವರ್ಷದ ಮಗುವಿಗೆ ಆ ಮಾತುಗಳೆಲ್ಲ ಹೊಸವು. ಹೊಸ ಮಾತು ಕೇಳಿದ ಕೂಡಲೇ ಅದು ತನಗೆ ಗೊತ್ತಿರುವ ಯಾವ ಮಾತಿನ ಹಾಗಿದೆ ಅಂತ ಜೋಯಲ್ ಹುಡುಕುತ್ತಿದ್ದ.

ಮೊದಲ ಸಾಲೇ ಎರಡು ವಾರ ಹಿಡಿಯಿತು. "ಪರಲೋಕದಲ್ಲಿರುವ ನಮ್ಮ ತಂದೆಯೇ." ತಂದೆ ಅಂದರೆ ಅಪ್ಪ ಅಂತ ಅತ್ತೆ ಹೇಳಿಕೊಟ್ಟರು. ಪರಲೋಕ ಅಂದರೇನು ಅಂತ ಅವನು ಕೇಳಲಿಲ್ಲ, ನಾವೂ ಹೇಳಲಿಲ್ಲ. ನನ್ನ ಯಜಮಾನರಿಗೆ ಬೆಂಗಳೂರಿನಲ್ಲಿ ಕೆಲಸ. ಸೋಮವಾರ ಬೆಳಗಿನ ರೈಲಿಗೆ ಹೋದರೆ ಮತ್ತೆ ಬರೋದು ಶುಕ್ರವಾರ ರಾತ್ರಿ.

ಒಂದು ಮಂಗಳವಾರ ಸೊಪ್ಪಿನ ಅಜ್ಜಿ ಬಾಗಿಲಿಗೆ ಬಂದರು. ನಾನು ಒಳಗೆ ಚಿಲ್ಲರೆ ಹುಡುಕುತ್ತಿದ್ದೆ. ಹೊರಗೆ ಜಗಲಿಯಲ್ಲಿ ಅವರು ಜೋಯಲ್ ಜೊತೆ ಮಾತಿಗಿಳಿದದ್ದು ಕೇಳಿಸುತ್ತಿತ್ತು.

"ಏನ್ ಮರಿ, ನಿಮ್ಮಪ್ಪ ಕಾಣಿಸ್ತಾನೇ ಇಲ್ವಲ್ಲ. ಎಲ್ಲಿಗೋದ್ರು?"

"ಪರಲೋಕದಲ್ಲಿ ಇದ್ದಾರೆ."

ಬುಟ್ಟಿ ದೊಪ್ಪನೆ ಕೆಳಗೆ ಬಿದ್ದ ಸದ್ದು. "ಅಯ್ಯೋ ನನ್ನಪ್ಪ! ಯಾವಾಗ?"

"ನಿನ್ನೆ ಹೋದ್ರು. ಬೆಳಿಗ್ಗೆ. ಅಮ್ಮ ಚಪಾತಿ ಕಟ್ಟಿಕೊಟ್ಟಳು."

ನಾನು ಓಡಿ ಬರುವಷ್ಟರಲ್ಲಿ ಆಕೆ ಸೆರಗನ್ನು ಬಾಯಿಗೆ ಒತ್ತಿಕೊಂಡು ಮೆಟ್ಟಿಲ ಮೇಲೆ ಕೂತುಬಿಟ್ಟಿದ್ದರು. ಕಣ್ಣಲ್ಲಿ ನೀರು. ಜೋಯಲ್ ಅವರ ಬೆನ್ನು ಸವರುತ್ತಾ, "ಅಳಬೇಡಿ ಅಜ್ಜಿ, ಶುಕ್ರವಾರ ಬರ್ತಾರೆ. ಬಿಸ್ಕತ್ತು ತರ್ತಾರೆ" ಅಂತ ಹೇಳುತ್ತಿದ್ದ. ನಾನು ವಿಷಯ ಬಿಡಿಸಿ ಹೇಳಿದ ಮೇಲೆ ಆಕೆಗೆ ನಗು ಬಂತು. ನಗು ಬಂದ ಮೇಲೂ ಕಣ್ಣು ಒರೆಸಿಕೊಳ್ಳುತ್ತಲೇ ಇದ್ದರು. ಹೋಗುವಾಗ ಒಂದು ಕಟ್ಟು ದಂಟಿನ ಸೊಪ್ಪು ಜಾಸ್ತಿ ಇಟ್ಟು, "ನಿಮ್ಮ ಯಜಮಾನ್ರು ನೂರು ವರ್ಷ ಬಾಳಲಿ ಕಣವ್ವ" ಅಂದರು. ಶುಕ್ರವಾರ ರಾತ್ರಿ ಅಪ್ಪ ಬಂದ ಕೂಡಲೇ ಜೋಯಲ್ ಕೇಳಿದ ಮೊದಲ ಪ್ರಶ್ನೆ: "ಪರಲೋಕದಲ್ಲಿ ಮಳೆ ಬಂತಾ?"

ಬೇಸಿಗೆ ರಜೆಯಲ್ಲಿ ಚರ್ಚಿನಲ್ಲಿ ವಿಬಿಎಸ್, ಅಂದರೆ ಮಕ್ಕಳ ರಜಾ ಬೈಬಲ್ ಶಾಲೆ, ನಡೆಯಿತು. ಹತ್ತು ದಿನ ಹಾಡು, ಕುಣಿತ, ಬಣ್ಣದ ಕಾಗದ. ಅಲ್ಲಿ ಕಲಿತ ಹಾಡುಗಳ ನಡುವೆ ಪ್ರಾರ್ಥನೆ ಸ್ವಲ್ಪ ಹಿಂದೆ ಬಿತ್ತು. ಜೂನ್‌ನಲ್ಲಿ ಸ್ಕೂಲ್ ಶುರುವಾದ ಮೇಲೆ ಮತ್ತೆ ಹಾದಿಗೆ ಬಂದೆವು. "ನಿನ್ನ ನಾಮವು ಪರಿಶುದ್ಧವೆಂದು ಎಣಿಸಲ್ಪಡಲಿ" ಅನ್ನುವ ಸಾಲಿಗೆ ಅವನು ಬೆರಳು ಮಡಿಸಿ ಒಂದು, ಎರಡು, ಮೂರು ಅಂತ ನಿಜವಾಗಿಯೂ ಎಣಿಸುತ್ತಿದ್ದ. ಅದನ್ನು ನಾವು ತಿದ್ದಲಿಲ್ಲ.

ಆಗಸ್ಟ್ ಹೊತ್ತಿಗೆ ಆಹಾರದ ಸಾಲಿಗೆ ಬಂದೆವು. "ನಮ್ಮ ಅನುದಿನದ ಆಹಾರವನ್ನು ಈ ಹೊತ್ತು ನಮಗೆ ದಯಪಾಲಿಸು." ಅತ್ತೆ ಅಂಗೈ ತಟ್ಟಿದರು. ನಮ್ಮ. ಅನು. ದಿನದ. ಆಹಾರವನ್ನು. ಜೋಯಲ್ ಬಾಯಿ ಬಿಡಲಿಲ್ಲ. ಇನ್ನೊಮ್ಮೆ ತಟ್ಟಿದರು. ತುಟಿ ಬಿಗಿದುಕೊಂಡೇ ಕೂತಿದ್ದ. ಆಮೇಲೆ ಕೆಳತುಟಿ ಮುಂದೆ ಬಂತು.

"ಏನಾಯ್ತೋ?"

"ಎಲ್ಲರೂ ಅನೂಗೇ ಊಟ ಕೇಳ್ತೀರಿ," ಅಂದ. ದನಿ ಒಡೆದಿತ್ತು. "ದಿನಾ ರಾತ್ರಿ ಅನು ದಿನದ ಆಹಾರ, ಅನು ದಿನದ ಆಹಾರ. ಚರ್ಚಲ್ಲೂ ಎಲ್ಲರೂ ಅದನ್ನೇ ಹೇಳ್ತಾರೆ. ಪಾಸ್ಟರ್ ಅಂಕಲ್ಲೂ. ನಂದು ಯಾರು ಕೇಳ್ತಾರೆ?"

ಒಂದು ಕ್ಷಣ ಯಾರಿಗೂ ಮಾತು ಹೊರಡಲಿಲ್ಲ. ನಾನು ಈ ಪ್ರಾರ್ಥನೆಯನ್ನು ಮೂವತ್ತು ವರ್ಷದಿಂದ ಹೇಳುತ್ತಿದ್ದೇನೆ. ಅನು ಹುಟ್ಟಿದ ಮೇಲೂ ಏಳು ವರ್ಷ ಹೇಳಿದ್ದೇನೆ. ಅದರೊಳಗೆ ಅವಳ ಹೆಸರಿದೆ ಅಂತ ಒಂದು ದಿನವೂ ಕಿವಿಗೆ ಬಿದ್ದಿರಲಿಲ್ಲ. ಈ ಮಗು ಹುಟ್ಟಿದಾಗಿನಿಂದ, ಊರಿಗೆ ಊರೇ ಕೈಮುಗಿದು ತನ್ನ ಅಕ್ಕನ ಊಟಕ್ಕಾಗಿ ಬೇಡಿಕೊಳ್ಳುವುದನ್ನು ಕೇಳಿಕೊಂಡು ಸುಮ್ಮನಿತ್ತು. ಅನುಗೆ ಮಾತ್ರ ಬಹಳ ಖುಷಿ. "ಹೌದಾ? ಇಡೀ ಚರ್ಚಾ?" ಅಂತ ಕಣ್ಣರಳಿಸಿದಳು.

ನಮ್ಮ ಮಾವನವರು ಕನ್ನಡ ಮೇಷ್ಟ್ರಾಗಿದ್ದವರು. ಅವರು ಬಿಟ್ಟುಹೋದ ಕಿಟೆಲ್ ನಿಘಂಟು ಇನ್ನೂ ಬೀರುವಿನಲ್ಲಿದೆ. 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಆ ದೊಡ್ಡ ಪುಸ್ತಕದ ಮರುಮುದ್ರಣ. ಅತ್ತೆ ಅದನ್ನು ತೆಗೆಸಿ, ಕನ್ನಡಕ ಹಾಕಿಕೊಂಡು, ಮೊಮ್ಮಗನಿಗೆ 'ಅನುದಿನ' ತೋರಿಸಿದರು. ಅವನಿಗೆ ಓದಲು ಬರುವುದಿಲ್ಲ, ಆದರೂ ಬೆರಳಿಟ್ಟು ನೋಡಿದ. ಅನುದಿನ ಅಂದರೆ ದಿನ ದಿನವೂ. ಒಂದು ದಿನದ ಹಿಂದೆ ಇನ್ನೊಂದು ದಿನ. ಅಕ್ಕನಿಗೂ ಅದಕ್ಕೂ ಸಂಬಂಧ ಇಲ್ಲ.

"ಹಾಗಾದ್ರೆ ನನ್ನ ಹೆಸರು ಇದ್ರಲ್ಲಿ ಎಲ್ಲಿದೆ?"

"'ನಮಗೆ' ಅಂತ ಇದೆಯಲ್ಲ, ಅದರಲ್ಲಿ ನೀನೂ ಇದ್ದೀಯ," ಅಂದರು ಅತ್ತೆ.

"ಹೆಸರು ಹೇಳಿಲ್ಲ."

"ಹೆಸರು ಹೇಳದಿದ್ರೂ ದೇವರಿಗೆ ಗೊತ್ತಾಗುತ್ತೆ."

"ಅನೂದು ಮಾತ್ರ ಹೇಳಿದ್ದಾರೆ."

ಸತ್ಯವೇದದಲ್ಲಿ ಅವನ ಹೆಸರಿನ ಒಂದು ಪುಸ್ತಕವೇ ಇದೆ ಅಂತ ಸಮಾಧಾನ ಮಾಡಲು ಹೋದೆ. ತೆಗೆದು ಓದಿದರೆ ಕನ್ನಡದಲ್ಲಿ ಅದು 'ಯೋವೇಲ'. "ಅದು ಯಾರೋ ಬೇರೆ" ಅಂತ ಇನ್ನೂ ಜೋರಾಗಿ ಅತ್ತ. ಕೊನೆಗೆ ಅತ್ತೆಯೇ ದಾರಿ ಕಂಡುಹಿಡಿದರು. ಆ ಸಾಲು ಮುಗಿದ ತಕ್ಷಣ ಅವನು ಮೆಲ್ಲಗೆ "ನಂದೂ" ಅಂತ ಸೇರಿಸಿಕೊಳ್ಳಬಹುದು. ಅವತ್ತಿನಿಂದ ನಮ್ಮ ಮನೆಯಲ್ಲಿ ಪ್ರಾರ್ಥನೆ ಹೀಗೆ: ಈ ಹೊತ್ತು ನಮಗೆ ದಯಪಾಲಿಸು, ನಂದೂ.

ಮುಂದಿನ ಸಾಲು ಅನುವಿನ ಪಾಲಿಗೆ ಬಂತು. "ನಮಗೆ ತಪ್ಪು ಮಾಡಿದವರನ್ನು ನಾವು ಕ್ಷಮಿಸಿದಂತೆ" ಅಂತ ಶುರುವಾಗುವಾಗ ಒಂದು ರಾತ್ರಿ ಅವಳು ಕಣ್ಣು ತೆರೆದು, "ಒಂದ್ನಿಮಿಷ" ಅಂತ ಪ್ರಾರ್ಥನೆಯನ್ನು ತಡೆದಳು. "ಅಂದ್ರೆ ಮೊದಲು ನಾನು ಕ್ಷಮಿಸಿರಬೇಕಾ?" ಹೌದು ಅಂದೆ. "ಹಾಗಾದ್ರೆ ನಾನು ಇದನ್ನ ಈಗ ಹೇಳೋಕಾಗಲ್ಲ. ಇವನು ನನ್ನ ಸ್ಕೆಚ್ ಪೆನ್ನಿಗೆ ಮುಚ್ಚಳ ಹಾಕಿಲ್ಲ. ಹಸಿರು ಒಣಗಿಹೋಗಿದೆ." ಜೋಯಲ್ ಎದ್ದು ಹೋಗಿ ಸ್ಕೆಚ್ ಪೆನ್ನುಗಳ ಡಬ್ಬಿಯನ್ನೇ ತಂದ. ಚಾಪೆಯ ಮೇಲೆ ಒಂದೊಂದಾಗಿ ಹನ್ನೆರಡಕ್ಕೂ ಮುಚ್ಚಳ ಹಾಕಿದ. ಅದಾಗುವವರೆಗೂ ನಾವೆಲ್ಲ ಕೈಮುಗಿದುಕೊಂಡೇ ಕಾದೆವು. ಆಮೇಲೆ ಅನು ಕಣ್ಣು ಮುಚ್ಚಿದಳು. ದಿನವೂ ಆ ಸಾಲಿಗೆ ಮುಂಚೆ ಒಂದು ಪಂಚಾಯಿತಿ ನಡೆಯುವುದು ನಮ್ಮಲ್ಲಿ ರೂಢಿಯಾಯಿತು. ಅನ್ನ ಆರಿಹೋಗುತ್ತಿತ್ತು. ಆದರೂ ಅದನ್ನು ಅವಸರ ಮಾಡಿಸಲು ನನಗೆ ಮನಸ್ಸು ಬರುತ್ತಿರಲಿಲ್ಲ.

ನವೆಂಬರ್‌ನಲ್ಲಿ ಹಾರ್ವೆಸ್ಟ್ ಹಬ್ಬ ಬಂತು. ಅತ್ತೆ ಅದನ್ನು ಸುಗ್ಗಿ ಹಬ್ಬ ಅಂತಲೇ ಕರೆಯೋದು. ಬೆಳೆದದ್ದರಲ್ಲಿ ಮೊದಲನೆಯದನ್ನು ದೇವರಿಗೆ ತಂದು ಒಪ್ಪಿಸುತ್ತೇವೆ. ಕಬ್ಬು, ತೆಂಗಿನಕಾಯಿ, ಬಾಳೆಗೊನೆ, ಅಕ್ಕಿ, ಮೊಟ್ಟೆ, ಮನೆಯಲ್ಲೇ ಮಾಡಿದ ಕೇಕು, ಉಪ್ಪಿನಕಾಯಿ. ಆರಾಧನೆ ಆದ ಮೇಲೆ ಅಂಗಳದಲ್ಲಿ ಅವೆಲ್ಲವನ್ನೂ ಹರಾಜು ಹಾಕುತ್ತಾರೆ. ದುಡ್ಡು ಚರ್ಚಿನ ಕೆಲಸಕ್ಕೆ. ನಾವು ಹಿತ್ತಲಿನ ಬಳ್ಳಿಯಲ್ಲಿ ಬಿಟ್ಟ ಒಂದು ಸಿಹಿಗುಂಬಳ ತೆಗೆದುಕೊಂಡು ಹೋಗಿದ್ದೆವು. ಅದನ್ನು ಹೊತ್ತು ತಂದವನು ಜೋಯಲ್. ಎರಡು ಹೆಜ್ಜೆಗೊಮ್ಮೆ ಇಳಿಸಿ, ಮತ್ತೆ ತಬ್ಬಿ ಎತ್ತಿಕೊಂಡು ಬಂದಿದ್ದ.

ಅಜ್ಜಿ ಮನೆಯಲ್ಲಿ ಅವನಿಗೆ ಕನ್ನಡದಲ್ಲಿ ನೂರರವರೆಗೆ ಎಣಿಸುವುದನ್ನು ಕಲಿಸಿ ಆಗಷ್ಟೇ ಒಂದು ವಾರವಾಗಿತ್ತು. ಅದೇ ಹುರುಪಿನಲ್ಲಿದ್ದ. ಹರಾಜು ಕೂಗುವ ಅಂಕಲ್ ಕುಂಬಳಕಾಯಿ ಎತ್ತಿ ಹಿಡಿದು, "ಐವತ್ತು ರೂಪಾಯಿ, ಒಂದು ಸಲ!" ಅಂದರು.

"ಐವತ್ತೊಂದು!" ಅಂತ ಮುಂದಿನ ಸಾಲಿನಿಂದ ಜೋಯಲ್.

ಯಾರೋ ಹಿಂದಿನಿಂದ "ಅರವತ್ತು" ಅಂದರು.

"ಅರವತ್ತೊಂದು!"

ಹರಾಜಿನ ಅಂಕಲ್ ಅವನ ಕಡೆ ನೋಡಿ ನಕ್ಕು, "ಅರವತ್ತೊಂದು ಒಂದು ಸಲ" ಅಂದರು. ಆಮೇಲೆ ಸಭೆಯವರಿಗೆಲ್ಲ ವಿಷಯ ಅರ್ಥವಾಗಿಬಿಟ್ಟಿತು. ಎಪ್ಪತ್ತು ಅಂತ ಒಬ್ಬರು, ಎಂಬತ್ತು ಅಂತ ಇನ್ನೊಬ್ಬರು. ಪ್ರತಿ ಸಲವೂ ಇವನು ಮುಂದಿನ ಅಂಕಿ ಹೇಳಿ ನನ್ನ ಕಡೆ ತಿರುಗಿ ನೋಡುತ್ತಾನೆ, ಸರಿಯಾಗಿ ಹೇಳಿದೆನಾ ಅನ್ನುವ ಹಾಗೆ. ಕೊನೆಗೆ ಗಾಯನ ತಂಡದ ಒಬ್ಬ ಅಜ್ಜ ಬೇಕೆಂದೇ "ತೊಂಬತ್ತೊಂಬತ್ತು!" ಅಂದರು. ಜೋಯಲ್ ಎರಡೂ ಕೈ ಮೇಲೆತ್ತಿ, ಗಂಟಲು ಬಿರಿಯುವ ಹಾಗೆ "ನೂರು!" ಅಂತ ಕೂಗಿ ತಾನೇ ಚಪ್ಪಾಳೆ ತಟ್ಟಿದ. ಅವನ ಎಣಿಕೆ ಅಲ್ಲಿಗೆ ಮುಗಿದಿತ್ತು. ಸಭೆಗೆ ಸಭೆಯೇ ಚಪ್ಪಾಳೆ ತಟ್ಟಿತು. ನೂರು ರೂಪಾಯಿ ಕೊಟ್ಟು ನಮ್ಮ ಕುಂಬಳಕಾಯಿಯನ್ನು ನಾವೇ ಮನೆಗೆ ತಂದೆವು.

ಆ ವಾರವೆಲ್ಲ ಕುಂಬಳಕಾಯಿ. ಪಲ್ಯ, ಸಾಂಬಾರು, ಮಜ್ಜಿಗೆ ಹುಳಿ, ಕಡುಬು. ಅನು ಕುಂಬಳಕಾಯಿ ಮುಟ್ಟುವವಳಲ್ಲ. ಮೂರನೆಯ ರಾತ್ರಿ ಪ್ರಾರ್ಥನೆಯಲ್ಲಿ ಆಹಾರದ ಸಾಲಿಗೆ ಬಂದಾಗ ಜೋಯಲ್ ಒಂದು ಕಣ್ಣು ತೆರೆದು ಅಕ್ಕನನ್ನು ನೋಡಿದ. "ನಮ್ಮ ಅನು ದಿನದ ಆಹಾರ ಕುಂಬಳಕಾಯಿ" ಅಂದ. ಅವತ್ತು ಪಂಚಾಯಿತಿ ಮುಗಿಯಲು ಬಹಳ ಹೊತ್ತಾಯಿತು.

ಈಗ ಡಿಸೆಂಬರ್ ಮೊದಲ ಭಾನುವಾರದ ವಿಷಯ ಹೇಳಬೇಕು. ಇದನ್ನು ಬರೆಯಬೇಕು ಅಂತಲೇ ನಾನು ಕೂತಿದ್ದು.

ನಮ್ಮದು ಸಿಎಸ್‌ಐ, ಅಂದರೆ ಚರ್ಚ್ ಆಫ್ ಸೌತ್ ಇಂಡಿಯಾ ಸಭೆ. 1947ರ ಸೆಪ್ಟೆಂಬರ್ 27ರಂದು ದಕ್ಷಿಣ ಭಾರತದ ಬೇರೆಬೇರೆ ಸಭೆಗಳು ಕೂಡಿ ಒಂದಾದದ್ದು. ಮೂರು ವರ್ಷದ ಮೇಲೆ, 1950ರಲ್ಲಿ ಸಿದ್ಧವಾದ ಆರಾಧನಾ ಕ್ರಮದಲ್ಲಿ ಕೇರಳದ ಸಿರಿಯನ್ ಕ್ರೈಸ್ತರ ಒಂದು ಪದ್ಧತಿಯನ್ನು ಸೇರಿಸಿಕೊಂಡರು. ಕರ್ತನ ಭೋಜನಕ್ಕೆ, ಅಂದರೆ ರೊಟ್ಟಿ ದ್ರಾಕ್ಷಾರಸ ಹಂಚಿಕೊಳ್ಳುವುದಕ್ಕೆ, ಮುಂಚೆ ಒಬ್ಬರಿಂದ ಒಬ್ಬರಿಗೆ ಸಮಾಧಾನ ದಾಟಿಸುವುದು. ಕೊಡುವವರ ಬಲಅಂಗೈ ತೆಗೆದುಕೊಳ್ಳುವವರ ಬಲಅಂಗೈಗೆ ತಾಗಬೇಕು. ಎಡಗೈಗಳು ಮೇಲಿನಿಂದ ಮುಚ್ಚಬೇಕು. ಒಂದು ಕ್ಷಣ ನಾಲ್ಕು ಕೈ ಒಂದೇ ಗೂಡಿನ ಹಾಗಿರುತ್ತೆ. ಪಾಸ್ಟರ್ ಮುಂದಿನವರಿಗೆ ಕೊಡುತ್ತಾರೆ, ಅವರು ಪಕ್ಕದವರಿಗೆ, ಹೀಗೆ ಸಾಲು ಸಾಲಾಗಿ ಹಿಂದಿನ ಬೆಂಚಿನವರೆಗೂ ಹೋಗುತ್ತೆ.

ಅವತ್ತು ಅತ್ತೆಗೆ ಮಂಡಿನೋವು ಜೋರಾಗಿ ಚರ್ಚ್‌ಗೆ ಬಂದಿರಲಿಲ್ಲ. ಅವರಿಲ್ಲದ ಭಾನುವಾರ ಅಪರೂಪ. ಸಮಾಧಾನ ನಮ್ಮ ಬೆಂಚಿಗೆ ಬಂತು. ಯಜಮಾನರು ಅನುಗೆ ಕೊಟ್ಟರು, ಅನು ಜೋಯಲ್‌ಗೆ ಕೊಟ್ಟಳು. ಅವನ ಪಕ್ಕದಲ್ಲಿ ನಾನು ಕೈ ಚಾಚಿದೆ. ಅವನು ಎರಡೂ ಅಂಗೈ ಬಿಗಿಯಾಗಿ ಮುಚ್ಚಿ ಎದೆಗೆ ಒತ್ತಿಕೊಂಡ.

"ಕೊಡೋ."

ತಲೆ ಅಲ್ಲಾಡಿಸಿದ.

"ಮುಂದಕ್ಕೆ ಹೋಗಬೇಕು ಕಂದ, ಹಿಂದಿನವರು ಕಾಯ್ತಿದ್ದಾರೆ."

"ಇದು ಅಜ್ಜಿಗೆ," ಅಂತ ಪಿಸುಗುಟ್ಟಿದ.

ಅನು ಅವನ ತಲೆಯ ಮೇಲಿಂದ ಕೈ ಚಾಚಿ ನನಗೆ ಇನ್ನೊಂದು ಕೊಟ್ಟಳು. ಸಾಲು ಮುಂದುವರಿಯಿತು. ಜೋಯಲ್ ಮಾತ್ರ ಕೈ ಬಿಚ್ಚಲಿಲ್ಲ. ಹಾಡಿಗೆ ಎದ್ದು ನಿಂತಾಗಲೂ ಬಿಚ್ಚಲಿಲ್ಲ. ಕಾಣಿಕೆ ಚೀಲ ಬಂದಾಗ ಅವನ ಹತ್ತು ರೂಪಾಯಿಯನ್ನು ಜೇಬಿನಿಂದ ನಾನೇ ತೆಗೆದು ಹಾಕಬೇಕಾಯಿತು. ಹೊರಗೆ ಬಂದ ಮೇಲೆ ಯಾರೋ ಮಿಠಾಯಿ ಕೊಡಲು ಬಂದರು. ಬೇಡ ಅಂದ. ಹೊಸನ್ನಕ್ಕೆ ಎಲೆ ಚಾಚಿದ್ದ ನನ್ನ ಮಗ ಮಿಠಾಯಿ ಬೇಡ ಅಂದ! ಆಟೋದಲ್ಲಿ ಅವನನ್ನು ತೊಡೆಯ ಮೇಲೆ ಕೂರಿಸಿಕೊಂಡು ಹಿಡಿದುಕೊಂಡೆ, ಅವನಿಗೆ ಕಂಬಿ ಹಿಡಿಯಲು ಕೈ ಇರಲಿಲ್ಲ. ಬೆರಳ ಸಂದಿಯಲ್ಲಿ ಬೆವರು ಬಂದು ಹೊಳೆಯುತ್ತಿತ್ತು. ಮೂಗು ತುರಿಸಿದಾಗ ನನ್ನ ಭುಜಕ್ಕೆ ಉಜ್ಜಿಕೊಂಡ.

ಮನೆಯಲ್ಲಿ ಅತ್ತೆ ಮಂಚದ ಮೇಲೆ ಕಾಲು ಚಾಚಿ, ಮಂಡಿಗೆ ಬಿಸಿನೀರಿನ ಚೀಲ ಇಟ್ಟುಕೊಂಡು ಮಲಗಿದ್ದರು. ಇವನು ಚಪ್ಪಲಿ ಕೂಡ ಬಿಡದೆ ನೇರ ಹೋಗಿ, "ಅಜ್ಜಿ, ಕೈ ಕೊಡಿ" ಅಂದ. ಅವರು ಕೊಟ್ಟರು. ಇವನು ತನ್ನ ಕೈಗಳನ್ನು ಮೆಲ್ಲಗೆ, ಹಕ್ಕಿಮರಿ ಬಿಡುವ ಹಾಗೆ, ಅವರ ಅಂಗೈಯೊಳಗೆ ಬಿಚ್ಚಿದ.

"ಸಮಾಧಾನ," ಅಂದ. "ಪಾಸ್ಟರ್ ಅಂಕಲ್‌ದು. ಬೀಳಿಸಲಿಲ್ಲ."

ಅತ್ತೆ ಅವನ ಕೈಗಳನ್ನು ಹಾಗೇ ಮುಚ್ಚಿ ಹಿಡಿದುಕೊಂಡರು. ತುಂಬ ಹೊತ್ತು ಬಿಡಲಿಲ್ಲ. ಜೋಯಲ್ ಅವರ ಮಂಡಿಯ ಕಡೆ ಬಗ್ಗಿ ನೋಡಿ, "ಈಗ ಕಡಿಮೆ ಆಯ್ತಾ?" ಅಂತ ಕೇಳಿದ. ಹೂಂ ಕಣೋ, ಆಯ್ತು, ಅಂದರು.

ಕ್ರಿಸ್ಮಸ್ ನಾಟಕದಲ್ಲಿ ಜೋಯಲ್ ಕುರಿ. ಅನು ದೇವದೂತೆ. ಅವಳ ಮಾತು "ಹೆದರಬೇಡಿರಿ" ಅಂತ ಶುರುವಾಗುತ್ತೆ. ಅದನ್ನು ಅಭ್ಯಾಸ ಮಾಡಲು ಬೆಳಗಿನ ಜಾವ ಐದೂವರೆಗೆ ಮಲಗಿದ್ದ ಅಪ್ಪನ ಕಿವಿಯ ಹತ್ತಿರ ಹೋಗಿ ಜೋರಾಗಿ ಹೇಳಿ, ಅವರನ್ನು ಮಂಚದಿಂದ ಎಬ್ಬಿಸಿದಳು. ಕುರಿಯ ವೇಷಕ್ಕೆ ಜೋಯಲ್‌ನ ಬಿಳಿ ಬನಿಯನ್ನಿಗೆ ಹತ್ತಿ ಅಂಟಿಸಿ ಕೊಟ್ಟೆ.

ಆ ದಿನಗಳಲ್ಲಿ ರಾತ್ರಿ ಮತ್ತಾಯನ ಸುವಾರ್ತೆ ಓದುತ್ತಿದ್ದೆವು. ಮೂಡಣ ದೇಶದಿಂದ ಜೋಯಿಸರು ನಕ್ಷತ್ರವನ್ನು ನೋಡಿ ಬಂದರು, ಕೂಸಿಗೆ ಚಿನ್ನ, ಧೂಪ, ರಕ್ತಬೋಳ ಕೊಟ್ಟರು. ಅಷ್ಟು ಕೇಳಿದ್ದೇ ತಡ, ಜೋಯಲ್ ತಟ್ಟನೆ ಎದ್ದು ನಿಂತ. "ನಮ್ಮ ಜೋಯಿಸ್ ತಾತ!"

ನಮ್ಮ ಮನೆಗೆ ಮೂಡಲಿಗೆ ಇರುವ ಮನೆ ಜೋಯಿಸರದೇ. ಅವರ ತಾರಸಿಯ ಮೇಲಿಂದಲೇ ನಮಗೆ ಸೂರ್ಯ ಹುಟ್ಟೋದು. ಜೋಯಲ್, ಜೋಯಿಸ್, ಇಬ್ಬರ ಹೆಸರೂ ಹೆಚ್ಚುಕಡಿಮೆ ಒಂದೇ ಅಂತ ಅವನಿಗೆ ಮೊದಲಿನಿಂದಲೂ ಒಂದು ಅಭಿಮಾನ. ಮಾರನೆಯ ದಿನ ಬೆಳಿಗ್ಗೆ ಕಾಂಪೌಂಡ್ ಹತ್ತಿರ ಹೂವು ಬಿಡಿಸುತ್ತಿದ್ದ ತಾತನನ್ನು ಕೇಳಿಯೇಬಿಟ್ಟ.

"ತಾತ, ನೀವು ನಕ್ಷತ್ರ ನೋಡಿಕೊಂಡು ಹೋಗಿದ್ರಾ?"

ತಾತ ಹೂವಿನ ಬುಟ್ಟಿ ಕೆಳಗಿಟ್ಟು ಗಂಭೀರವಾಗಿ ಹೇಳಿದರು: "ನಾನಲ್ಲ ಮರಿ. ನಮ್ಮ ತಾತ ನಕ್ಷತ್ರ ನೋಡೋರು. ಪಂಚಾಂಗ ಬರೀತಿದ್ರು. ಜೋಯಿಸ ಅಂದ್ರೆ ಅದೇ."

ಅಲ್ಲಿಗೆ ಜೋಯಲ್‌ಗೆ ಸಾಕ್ಷಿ ಸಿಕ್ಕಿತು. ರಕ್ತಬೋಳ ಅಂದರೇನು ಅಂತ ಕೂಡ ತಾತನೇ ಹೇಳಿಕೊಟ್ಟರು. ಅದು ಒಂದು ಗಿಡದ ಅಂಟು, ಗ್ರಂಧಿಗೆ ಅಂಗಡಿಯಲ್ಲಿ ಸಿಗುತ್ತೆ. ನಾಟಕಕ್ಕೆ ಬೇಕಾದರೆ ಧೂಪ ತಮ್ಮ ಮನೆಯಲ್ಲೇ ಇದೆ, ಕೊಡುತ್ತೇನೆ ಅಂದರು. ನಾವು ತಾತನನ್ನೂ ಅಜ್ಜಿಯನ್ನೂ ಕಾರ್ಯಕ್ರಮಕ್ಕೆ ಕರೆದೆವು.

ಡಿಸೆಂಬರ್ 23, ಶನಿವಾರ ಸಂಜೆ. ಮೊದಲು ಬಾಯಿಪಾಠ. ಹತ್ತಿ ಅಂಟಿಸಿದ ಬನಿಯನ್ ಹಾಕಿಕೊಂಡೇ ಜೋಯಲ್ ಮೈಕಿನ ಮುಂದೆ ನಿಂತ. ತನ್ನ ಅಂಗೈಯನ್ನು ತಾನೇ ತಟ್ಟಿಕೊಳ್ಳುತ್ತಾ ಶುರು ಮಾಡಿದ. ಪರಲೋಕದಲ್ಲಿರುವ ನಮ್ಮ ತಂದೆಯೇ. ನಾಮಕ್ಕೆ ಬಂದಾಗ ಬೆರಳು ಮಡಿಸಿದ. ಆಹಾರದ ಸಾಲು ಬಂತು. ನನ್ನ ಎದೆ ಡವಡವ ಅನ್ನುತ್ತಿತ್ತು. ಒಂದು ಅಕ್ಷರ ತಪ್ಪಿಲ್ಲದೆ, ಏನೂ ಸೇರಿಸದೆ, ದಯಪಾಲಿಸು ಅಂತ ಹೇಳಿ ಉಸಿರು ತೆಗೆದುಕೊಂಡ. ಆ ಸಣ್ಣ ಬಿಡುವಿನಲ್ಲಿ ಮುಂದಿನ ಸಾಲಿನಿಂದ ಒಂದು ದನಿ ಸ್ಪಷ್ಟವಾಗಿ ಕೇಳಿಸಿತು: "ನಂದೂ." ನಮ್ಮತ್ತೆ. ಅಭ್ಯಾಸ ಬಲದಿಂದ ಬಾಯಿಗೆ ಬಂದುಬಿಟ್ಟಿತ್ತು. ಜೋಯಲ್ ಮೈಕಿನಿಂದಲೇ ಅವರ ಕಡೆ ಕೈ ಬೀಸಿ, ಉಳಿದದ್ದನ್ನು ಆಮೆನ್‌ವರೆಗೂ ಹೇಳಿ ಮುಗಿಸಿದ.

ಆಮೇಲೆ ನಾಟಕ. ಕುರಿಗಳು ಗೋದಲಿಯ ಪಕ್ಕ ಮಲಗಿದ್ದವು. ದೇವದೂತೆ ಹೆದರಬೇಡಿರಿ ಅಂದಾಯಿತು. ಜರಿ ಶಲ್ಯ ಹೊದ್ದು, ಕಾಗದದ ಕಿರೀಟ ಇಟ್ಟುಕೊಂಡ ಮೂವರು ದೊಡ್ಡ ಹುಡುಗರು ಬಂದರು. "ನಾವು ಮೂಡಣ ದೇಶದ ಜೋಯಿಸರು" ಅಂತ ಮೊದಲನೆಯವನು ಹೇಳಿದ್ದೇ ತಡ, ಒಂದು ಕುರಿ ಎದ್ದು ನಿಂತಿತು.

"ಇವರಲ್ಲ!" ಅಂದ ಜೋಯಲ್. "ಜೋಯಿಸ್ ತಾತ ಅಲ್ಲಿದ್ದಾರೆ!"

ವೇದಿಕೆ ಇಳಿದು ಓಡಿ, ನಾಲ್ಕನೆಯ ಸಾಲಿನಲ್ಲಿ ಕೂತಿದ್ದ ತಾತನ ಕೈ ಹಿಡಿದು ಎಳೆದ. ಉದುರಿದ ಹತ್ತಿ ದಾರಿಯುದ್ದಕ್ಕೂ ಬಿದ್ದಿತ್ತು. ತಾತ ನಮ್ಮ ಕಡೆ ನೋಡಿದರು, ನಾವು ಪಾಸ್ಟರ್ ಕಡೆ ನೋಡಿದೆವು. ಪಾಸ್ಟರ್ ನಗುತ್ತಾ ಎದ್ದು ನಿಂತು ಹೇಳಿದರು: "ಬನ್ನಿ ಬನ್ನಿ. ಜೋಯಿಸರು ಎಷ್ಟು ಜನ ಬಂದಿದ್ದರು ಅಂತ ಮತ್ತಾಯ ಬರೆದೇ ಇಲ್ಲ. ನಾವೇ ಮೂವರು ಅಂದುಕೊಂಡಿದ್ದೀವಿ."

ಹಾಗಾಗಿ ನಮ್ಮ ನಾಟಕದಲ್ಲಿ ನಾಲ್ವರು ಜೋಯಿಸರು. ತಾತ ಪಂಚೆ ಸರಿಮಾಡಿಕೊಂಡು ಮೆಟ್ಟಿಲು ಹತ್ತಿದರು. ಚಿನ್ನದ ಡಬ್ಬಿ ಹಿಡಿದಿದ್ದ ಹುಡುಗ ಸರಿದು ಅವರಿಗೆ ಜಾಗ ಕೊಟ್ಟ. ಅವರು ಗೋದಲಿಯ ಮುಂದೆ ನಿಧಾನವಾಗಿ ಬಗ್ಗಿದರು. ಅಲ್ಲಿ ಮಲಗಿಸಿದ್ದು ಅನುವಿನ ಹಳೆಯ ಗೊಂಬೆ, ಅದಕ್ಕೆ ಜೋಯಲ್ ಕೂಸಾಗಿದ್ದಾಗಿನ ಟೋಪಿ. ತಾತ ಆ ಟೋಪಿಯ ಮೇಲೆ ಮೆಲ್ಲಗೆ ಕೈಯಿಟ್ಟು, "ಚೆನ್ನಾಗಿರಪ್ಪ" ಅಂದರು.

ಮನೆಗೆ ಬಂದಾಗ ಹತ್ತು ಗಂಟೆ. ಮಕ್ಕಳಿಬ್ಬರೂ ತೂಕಡಿಸುತ್ತಿದ್ದರು. ಆದರೂ ಪ್ರಾರ್ಥನೆ ಬಿಡುವಂತಿಲ್ಲ ಅಂತ ಜೋಯಲ್‌ನೇ ಚಾಪೆ ಎಳೆದ. ಮನೆಯಲ್ಲಿ ಮನೆಯ ಥರವೇ ಹೇಳ್ತೀನಿ ಅಂದ. ಅಜ್ಜಿಯ ತೊಡೆಗೆ ತಲೆ ಆನಿಸಿ ಶುರು ಮಾಡಿ ಆಹಾರದ ಸಾಲಿಗೆ ಬಂದ. "ದಯಪಾಲಿಸು. ನಂದೂ. ಅಜ್ಜೀದೂ. ಜೋಯಿಸ್ ತಾತಂದೂ. ಸೊಪ್ಪಿನ ಅಜ್ಜೀದೂ. ಹರಾಜು ಅಂಕಲ್‌ದೂ..." ದನಿ ಸಣ್ಣದಾಗುತ್ತಾ ಹೋಗಿ ನಿಂತಿತು. ನೋಡಿದರೆ ನಿದ್ದೆ. ಕೂದಲಲ್ಲಿ ಇನ್ನೂ ಹತ್ತಿ ಅಂಟಿತ್ತು.

ಅನು ಕಣ್ಣು ಮುಚ್ಚಿಕೊಂಡೇ ಕೈ ಚಾಚಿ ತಮ್ಮನ ಅಂಗೈಯನ್ನು ಒಮ್ಮೆ ತಟ್ಟಿದಳು.

"ಕುಂಬಳಕಾಯಿ ಮಾತ್ರ ಬೇಡ," ಅಂದಳು. "ಆಮೆನ್."